ಬಾಗಬಾರದ ತೊಂಬತ್ತು ದಿನ

ಪೋರ್ತು ಶಹರ, ಔಷಧಿ ಅಂಗಡಿಯ ಎದುರು, ಮೂರನೇ ಮಹಡಿ.
ಸೊಂಟದ ಕೀಲೊಂದು ಹೊಸದು,
ಮಿಕ್ಕ ನಾನೆಲ್ಲ ಹಳೆಯದು.
ವ್ಯಾಯಾಮ ಹೇಳಿಕೊಡುವ ಹುಡುಗ ತೆಲ್ಮು
ನಿನ್ನನ್ನು ಮಂಚಕ್ಕೆ ಒರಗಿಸಿ ಹೇಳಿದ:
'ದೋನಾ ದೆಯೊಲಿಂದಾ, ತೊಂಬತ್ತು ದಿನ ಬಾಗಬಾರದು.
ಬಿದ್ದದ್ದನ್ನೆಲ್ಲ ಇನ್ನು ಇದೇ ಎತ್ತುತ್ತದೆ.'

ನೋಡಿದೆ ನಿನ್ನ.
ಅಲ್ಯೂಮಿನಿಯಂ ಕೋಲು, ತುದಿಗೆ ರಬ್ಬರಿನ ಎರಡು ತುಟಿ,
ಹಿಡಿಯಲ್ಲಿ ಬಂದೂಕಿಗಿರುವಂಥ ಕುದುರೆ.
ಕೊಕ್ಕರೆಗೆ ಯಾರೋ ಸೈಕಲ್ಲಿನ ಬ್ರೇಕು ಜೋಡಿಸಿದ ಹಾಗೆ.

ಮೊದಲ ವಾರ ನೀನು ಶುದ್ಧ ಅಯೋಗ್ಯ.
ಟೊಮೆಟೊ ಹಿಡಿ ಎಂದರೆ ಹಿಚುಕಿದೆ,
ಚಪ್ಪಲಿ ತಾ ಎಂದರೆ ಮಂಚದಡಿಗೆ ಇನ್ನಷ್ಟು ನೂಕಿದೆ,
ಮೀನಿನ ಡಬ್ಬಿಯನ್ನು ಒಲೆಯ ಮೇಲೇ ಕೆಡವಿದೆ.
ಮೇಲಿನ ಮನೆಯ ಪೋರ ನಿನ್ನನ್ನು ಕಸಿದು
ನನ್ನ ಮೂಗು ಹಿಡಿದ. ಅದನ್ನು ಮಾತ್ರ ಬಿಗಿಯಾಗಿ ಹಿಡಿದೆ.

ಕಪಾಟಿನ ತುತ್ತತುದಿಯಲ್ಲಿ ಒಂದು ಸೀಸೆ.
ನನ್ನ ಗಂಡ ಅಬೀಲಿಯು ಉದ್ದದ ಆಳು,
ತನಗೆಂದೇ ಅಲ್ಲಿಟ್ಟ ಹಣ್ಣಿನ ಪಾಕ.
ಹೋಗಿ ಒಂಬತ್ತು ವರ್ಷ, ಸೀಸೆ ಅಲ್ಲೇ.
ಎಟುಕದ ದ್ರಾಕ್ಷಿ ಹುಳಿ ಎಂದ ನರಿಯ ಕೈಗೆ
ನಿನ್ನನ್ನು ಕೊಟ್ಟಿದ್ದರೆ ಗಾದೆಯೇ ಹುಟ್ಟುತ್ತಿರಲಿಲ್ಲ.
ಚಾಚಿದೆ, ಹಿಡಿದೆ, ಇಳಿಸಿದೆ, ಒಂದು ಚಮಚ ನೆಕ್ಕಿದೆ.
ಹುಳಿಯೇ.

ಆಮೇಲೊಂದು ಸಂಜೆ ಗುಂಡುಸೂಜಿಯ ಡಬ್ಬಿ ಬಿತ್ತು.
ನೆಲವೆಲ್ಲ ಚುಕ್ಕಿ ಚುಕ್ಕಿ ಮಿನುಗು.
ಮಂಡಿ ತಾನಾಗಿಯೇ ಮಡಿಚಲು ಹೊರಟಿತು.
ಐವತ್ತೆರಡು ವರ್ಷದ ಅಭ್ಯಾಸ ಅದಕ್ಕೆ.
ಪ್ರಾರ್ಥನೆಯದಲ್ಲ,
ಲಂಗದ ಅಂಚಿನದು.

ಬಾಯಲ್ಲಿ ಆರು ಸೂಜಿ ಕಚ್ಚಿಕೊಂಡು
ಈ ಊರ ಹೆಂಗಸರ ಕಾಲ ಬಳಿ ಕೂತವಳು ನಾನು.
ಮುಖ ಮರೆತಿದ್ದೇನೆ, ಪಾದ ಗೊತ್ತು:
ನೋಟರಿಯ ಹೆಂಡತಿಯ ಬಿರುಕು ಹಿಮ್ಮಡಿ,
ಮೀನು ಮಾರುವವಳ ಮಗಳು ಮದುವೆಗೆಂದು
ಸಾಲ ತಂದ ಬಿಳಿ ಬೂಟಿನೊಳಗೆ ಮುದುರಿದ ಬೆರಳು.
'ಇನ್ನೂ ಸ್ವಲ್ಪ ಮೇಲೆ', 'ಅಯ್ಯೋ, ಕೆಳಗೆ',
'ನೆಟ್ಟಗೆ ನೋಡಮ್ಮ, ಎಡಗಡೆ ಸೊಟ್ಟ.'
ಬಾಯಲ್ಲಿ ಸೂಜಿ ಇದ್ದಾಗ ಉತ್ತರ ಕೊಡಲಾಗದು.
ಅವರಿಗೆ ಅದು ವಿನಯದಂತೆ ಕಂಡಿತು.

ತೆಲ್ಮು ಹೇಳಿರಲಿಲ್ಲ, ನಾನೇ ಕಂಡುಕೊಂಡೆ:
ನಿನ್ನ ತುಟಿಯ ಪಕ್ಕ ಕಡಲೆಕಾಳಿನಷ್ಟು ಆಯಸ್ಕಾಂತ.
ನೆಲದ ಮೇಲೆ ಸುಮ್ಮನೆ ಆಡಿಸಿದೆ,
ಸೂಜಿಗಳು ಎದ್ದು ಬಂದವು,
ಕರೆದದ್ದೇ ತಡ ಎಂಬಂತೆ,
ಒಂದರ ಬಾಲ ಇನ್ನೊಂದು ಹಿಡಿದು.
ನೂರಾ ನಲವತ್ತು ಎಣಿಸಿದೆ, ನಿಂತೇ ಎಣಿಸಿದೆ.

ನೋಟರಿಯ ಹೆಂಡತಿ ಬಂದದ್ದು ಅರವತ್ತನೇ ದಿನ,
ನೀಲಿ ಉಡುಪು ಗಿಡ್ಡ ಮಾಡಿಸಲು.
'ಬಾಗಲಾರೆ, ವೈದ್ಯರ ಅಪ್ಪಣೆ,' ಎಂದೆ.
'ಹಾಗಾದರೆ?'
'ಮೇಜು ಹತ್ತಿ.'
ಎಪ್ಪತ್ತರ ಆಕೆ ಮೊದಲು ಕುರ್ಚಿ, ಆಮೇಲೆ ಮೇಜು,
ಒಂದು ಕೈಯಲ್ಲಿ ದೀಪದ ಸರಪಳಿ, ಇನ್ನೊಂದರಲ್ಲಿ ಜಪಮಾಲೆ.
ನಾನು ಎತ್ತರದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ,
ಅಂಚು ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ.
ಸೂಜಿ ಬಾಯಲ್ಲಿಲ್ಲ, ನಿನ್ನ ತುದಿಯಲ್ಲಿ.
ಬಾಯಿ ಬಿಡುವಾಗಿತ್ತು. ಮಾತಾಡಿದೆ:
ಎಡ ಸೊಟ್ಟವಲ್ಲ, ನಿಮ್ಮ ಎಡಗಾಲು ಗಿಡ್ಡ,
ಮೂವತ್ತು ವರ್ಷದಿಂದ ಗೊತ್ತು ನನಗೆ.

ಜಪಮಾಲೆ ಕೈಜಾರಿ ಬಿತ್ತು.
ನೀನೇ ಎತ್ತಿ ಕೊಟ್ಟೆ, ಹೂ ಕೊಡುವ ಹಾಗೆ.
ಮೊದಲು ಆಕೆ ನಕ್ಕಳು, ಆಮೇಲೆ ನಾನು,
ಮೇಜು ಅಲುಗಿತು, ಇಬ್ಬರೂ ಹೆದರಿ ಸುಮ್ಮನಾದೆವು.

ತೊಂಬತ್ತೊಂದನೇ ದಿನ ತೆಲ್ಮು ಬಂದ,
ಸೊಂಟ ತಿರುಗಿಸಿ ನೋಡಿ, ಚೀಟಿ ಬರೆದ:
'ಇನ್ನು ಬಾಗಬಹುದು.'
'ಸರಿ,' ಎಂದೆ.
ಮೇಜನ್ನು ಪಕ್ಕಕ್ಕೆ ಸರಿಸಲೇ, ಕೇಳಿದ.
ಬೇಡ, ಅಲ್ಲೇ ಇರಲಿ ಎಂದೆ.